ಸಾಲಗಾಮೆ ರಸ್ತೆಯ ಗಾಡಿ, ಹಾಸನದ ಆಲೂಗಡ್ಡೆ

ಕರ್ನಾಟಕದಲ್ಲಿ ಆಲೂಗಡ್ಡೆ ಅಂದರೆ ಮೊದಲು ನೆನಪಾಗುವ ಜಿಲ್ಲೆ ಹಾಸನ. ಆದರೆ ಹಾಸನದ ಪೇಟೆಯಲ್ಲಿ ಕೂತು, ಇದು ನಮ್ಮೂರ ಗೆಡ್ಡೆ ಅಂತ ನಾಲಿಗೆಗೆ ಗೊತ್ತಾಗುವ ಹಾಗೆ ತಿನ್ನುವ ಜಾಗ ಎಷ್ಟಿವೆ ಹೇಳಿ? ಬೋಂಡದಲ್ಲಿ ಅರಿಶಿನ, ಈರುಳ್ಳಿ, ಹಸಿಮೆಣಸಿನಕಾಯಿ ಸೇರಿ ಗೆಡ್ಡೆಯ ರುಚಿ ಹಿಂದೆ ಸರಿಯುತ್ತೆ. ಮಸಾಲೆ ದೋಸೆಯ ಪಲ್ಯದಲ್ಲೂ ಅಷ್ಟೇ. ಸಾಗುವಿನಲ್ಲಂತೂ ಕೇಳಲೇಬೇಡಿ. ಬರೀ ಗೆಡ್ಡೆ, ಎಣ್ಣೆ, ಉಪ್ಪು ಇದ್ದು, ಮುಚ್ಚಿಡೋಕೆ ಬೇರೇನೂ ಇಲ್ಲದ ತಿಂಡಿ ನನಗೆ ಸಿಕ್ಕಿದ್ದು ಸಾಲಗಾಮೆ ರಸ್ತೆಯ ಒಂದು ಫುಡ್ ಟ್ರಕ್‌ನಲ್ಲಿ.

ಫುಡ್ ಟ್ರಕ್ ಅಂತ ಕಾಲೇಜು ಹುಡುಗರು ಕರೆಯುತ್ತಾರೆ. ನಮಗೆಲ್ಲ ಅದು ಗಾಡಿ. ಹಳೇ ಟಾಟಾ ಏಸ್‌ನ ಹಿಂಭಾಗಕ್ಕೆ ತಗಡಿನ ಗೂಡು ಕಟ್ಟಿಸಿದ್ದಾರೆ. ಒಂದು ಬದಿಯ ಬಾಗಿಲು ಮೇಲಕ್ಕೆ ಎತ್ತಿದರೆ ಅದೇ ಸೂರು. ಒಳಗೆ ಗಂಡ, ಹೆಂಡತಿ. ಎರಡು ಒಲೆ, ಎರಡು ಬಾಣಲೆ, ನೀರು ತುಂಬಿದ ಎರಡು ದೊಡ್ಡ ಬಕೆಟ್, ಗೋಡೆಗೆ ಬೋಲ್ಟ್ ಹಾಕಿ ಕೂರಿಸಿದ ಒಂದು ಕಟರ್. ಹೊರಗೆ ನಾಲ್ಕು ಪ್ಲಾಸ್ಟಿಕ್ ಸ್ಟೂಲು. ಮಾರುವುದು ಒಂದೇ ತಿಂಡಿ, ಫ್ರೆಂಚ್ ಫ್ರೈಸ್. ಗೋಬಿ ಇಲ್ಲ, ನೂಡಲ್ಸ್ ಇಲ್ಲ, ಮೊಮೊ ಇಲ್ಲ. ಎಂಜಿನಿಯರಿಂಗ್ ಕಾಲೇಜಿನ ಹುಡುಗರು, ಟ್ಯೂಷನ್ ಮುಗಿಸಿ ಬರುವ ಮಕ್ಕಳು, ಆಫೀಸು ಬಿಟ್ಟು ಮನೆಗೆ ಹೋಗುವವರು, ಎಲ್ಲರೂ ಅದೊಂದಕ್ಕೇ ಬಂದು ನಿಲ್ಲುತ್ತಾರೆ. ಒಂದೇ ತಿಂಡಿ ಮಾಡುವವರು ಅದನ್ನು ಚೆನ್ನಾಗಿ ಮಾಡಲೇಬೇಕು. ಬೇರೆ ದಾರಿಯೇ ಇಲ್ಲ.

ಅವರು ಹೇಗೆ ಮಾಡುತ್ತಾರೆ ಅನ್ನುವುದನ್ನು ನಾನು ಸ್ಟೂಲಿನ ಮೇಲೆ ಕೂತು ಚೆನ್ನಾಗಿ ನೋಡಿದ್ದೇನೆ. ಮೊದಲು ಗೆಡ್ಡೆ ತೊಳೆಯುವುದು. ಹಾಸನದ ಗೆಡ್ಡೆಗೆ ಕೆಂಪು ಮಣ್ಣು ಗಟ್ಟಿಯಾಗಿ ಅಂಟಿರುತ್ತೆ. ತೆಂಗಿನ ನಾರು ಹಿಡಿದು ಉಜ್ಜಬೇಕು. ಸಿಪ್ಪೆ ಪೂರ್ತಿ ತೆಗೆಯುವುದಿಲ್ಲ. ಹೊಸ ಗೆಡ್ಡೆಯಾದರೆ ಉಜ್ಜಿದಾಗಲೇ ಸಿಪ್ಪೆ ಅರ್ಧ ಹೋಗಿರುತ್ತೆ, ಉಳಿದದ್ದು ಹಾಗೇ ಇರಲಿ ಅಂತ ಬಿಡುತ್ತಾರೆ. ಆಮೇಲೆ ಕಟರ್. ಗೆಡ್ಡೆಯನ್ನು ಉದ್ದಕ್ಕೆ ನಿಲ್ಲಿಸಿ ಹಿಡಿಯನ್ನು ಮೈ ಭಾರ ಹಾಕಿ ಕೆಳಗೆ ಎಳೆದರೆ ಚಕ್ಕಂತ ಒಂದು ಸದ್ದು. ಕೆಳಗಿನ ಬಕೆಟ್ಟಿಗೆ ಬೆರಳು ಗಾತ್ರದ ತುಂಡುಗಳು ಬೀಳುತ್ತವೆ. ನೀರು ನೋಡನೋಡುತ್ತಾ ಹಾಲಿನ ಬಣ್ಣಕ್ಕೆ ತಿರುಗುತ್ತೆ. ಅದು ಗೆಡ್ಡೆಯ ಪಿಷ್ಟ. ಸ್ವಲ್ಪ ಹೊತ್ತು ಬಿಟ್ಟು ಆ ನೀರು ಚೆಲ್ಲಿದರೆ ಬಕೆಟ್ಟಿನ ತಳದಲ್ಲಿ ಬೆಳ್ಳಗೆ ಗಟ್ಟಿಯಾಗಿ ಕೂತಿರುತ್ತೆ, ಬೆರಳಿಟ್ಟರೆ ಕರಕರ ಅನ್ನುತ್ತೆ.

ಈ ಪಿಷ್ಟ ತೊಳೆದು ಹೋಗದಿದ್ದರೆ ತುಂಡುಗಳು ಎಣ್ಣೆಯಲ್ಲಿ ಒಂದಕ್ಕೊಂದು ಅಂಟುತ್ತವೆ. ಹೊರಗೆ ಬೇಗ ಕಪ್ಪಾಗಿ ಒಳಗೆ ಹಸಿ ಉಳಿಯುತ್ತೆ. ಅದಕ್ಕೇ ಎರಡು ನೀರು. ಆಮೇಲೆ ಹಳೇ ಹತ್ತಿ ಪಂಚೆಯ ಮೇಲೆ ಹರಡಿ ಒರೆಸುವುದು. ಈ ಒರೆಸುವ ಕೆಲಸ ಆ ಅಕ್ಕನದು. ಗಂಡನಿಗೆ ಅದನ್ನು ಬಿಟ್ಟುಕೊಡುವುದಿಲ್ಲ. "ಇವ್ರು ಅರ್ಜೆಂಟಲ್ಲಿ ನೀರು ಹಂಗೇ ಬಿಟ್ಬಿಡ್ತಾರೆ, ಎಣ್ಣೆ ಮುಖಕ್ಕೆ ಹಾರ್ತೈತೆ" ಅಂತ ಒಂದು ಸಲ ನನಗೆ ಹೇಳಿದರು.

ಕರಿಯುವುದು ಎರಡು ಸಲ. ನಿಜವಾದ ಕೆಲಸ ಇಲ್ಲಿದೆ. ಮೊದಲ ಬಾಣಲೆಯ ಎಣ್ಣೆ ಹದವಾಗಿ ಕಾದಿರುತ್ತೆ, 150ರಿಂದ 160 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು. ಅದರಲ್ಲಿ ತುಂಡುಗಳು ಬಣ್ಣ ಬದಲಿಸದೆ ಒಳಗಿಂದ ಬೇಯುತ್ತವೆ. ಆಲೂಗಡ್ಡೆಯಲ್ಲಿ ಹತ್ತಿರ ಹತ್ತಿರ ಐದರಲ್ಲಿ ನಾಲ್ಕು ಪಾಲು ನೀರೇ. ಆ ನೀರು ಆವಿಯಾಗಿ ಹೊರಗೆ ನುಗ್ಗುವುದೇ ನಾವು ನೋಡುವ ಗುಳ್ಳೆ. ಗುಳ್ಳೆ ಇಳಿಮುಖವಾಗುವ ಹೊತ್ತಿಗೆ ಜಾಲರಿ ಸೌಟಿನಲ್ಲಿ ತೆಗೆದು ತಟ್ಟೆಗೆ ಹರಡುತ್ತಾರೆ. ಆಗ ಅವು ನೋಡೋಕೆ ಚೆನ್ನಾಗಿರುವುದಿಲ್ಲ. ಬಿಳಿಚಿಕೊಂಡು, ಮೆತ್ತಗೆ ಬಿದ್ದಿರುತ್ತವೆ. ಗಾಳಿಗೆ ಆರಬೇಕು. ಗಿರಾಕಿ ಬಂದು ಕೇಳಿದ ಮೇಲೆಯೇ ಎರಡನೇ ಬಾಣಲೆಗೆ. ಅಲ್ಲಿ ಎಣ್ಣೆ 180 ಡಿಗ್ರಿಗಿಂತ ಮೇಲೆ. ಎರಡು ಮೂರು ನಿಮಿಷದ ಆಟ. ಹೊರಗಿನ ಪದರ ಒಣಗಿ ಗರಿಯಾಗಿ ಹೊಂಬಣ್ಣಕ್ಕೆ ಬರುತ್ತೆ. ತೆಗೆದ ತಕ್ಷಣ ಸ್ಟೀಲ್ ಡಬ್ಬಿಗೆ ಹಾಕಿ, ಉಪ್ಪು ಉದುರಿಸಿ, ಎರಡು ಕೈಯಲ್ಲಿ ಹಿಡಿದು ಕುಲುಕಿ, ಕಾಗದದ ಪೊಟ್ಟಣಕ್ಕೆ ಸುರಿಯುತ್ತಾರೆ. ಆ ಅಣ್ಣನ ಹತ್ತಿರ ಥರ್ಮಾಮೀಟರ್ ಇಲ್ಲ. ಒಂದು ತುಂಡು ಹಾಕಿ, ಅದು ತಳ ಮುಟ್ಟಿ ಮೇಲೆ ಬರುವ ರೀತಿ ನೋಡಿ ಉರಿ ಏರಿಸುತ್ತಾರೆ, ಇಳಿಸುತ್ತಾರೆ. ಅಡುಗೆಮನೆಯಲ್ಲಿ ಪೂರಿ, ಚಕ್ಕುಲಿ ಕರಿದವರಿಗೆಲ್ಲ ಆ ಲೆಕ್ಕ ಗೊತ್ತು.

ಬಿಸಿಬಿಸಿ ಬಾಯಿಗಿಟ್ಟಾಗ ಮೊದಲು ಉಪ್ಪು. ಆಮೇಲೆ ಹಲ್ಲಿಗೆ ಆ ತೆಳ್ಳನೆ ಗರಿ. ಅದು ಮುರಿದ ಕೂಡಲೇ ಒಳಗಿಂದ ಆವಿ. ಒಳಗಿನ ತಿರುಳು ಹಿಟ್ಟು ಹಿಟ್ಟಾಗಿ, ಸ್ವಲ್ಪ ಸಿಹಿಯಾಗಿ, ಮಣ್ಣಿನ ವಾಸನೆಯ ಒಂದು ಎಳೆ ಇಟ್ಟುಕೊಂಡಿರುತ್ತೆ. ತುದಿಯಲ್ಲಿ ಸಿಪ್ಪೆ ಉಳಿದ ತುಂಡು ಸಿಕ್ಕರೆ ಅದಕ್ಕೆ ಒಂಥರಾ ಕಹಿ ಸೇರಿದ ರುಚಿ. ನನಗೆ ಪೊಟ್ಟಣದಲ್ಲಿ ಅದೇ ಬೇಕು. ತಳದಲ್ಲಿ ಚಿಕ್ಕ ಚಿಕ್ಕ ತುಣುಕುಗಳು ಪೂರ್ತಿ ಗರಿಯಾಗಿ ಸೇರಿಕೊಂಡಿರುತ್ತವಲ್ಲ, ಅವನ್ನು ಕೊನೆಗೆ ಅಂತ ಉಳಿಸಿಕೊಳ್ಳುತ್ತೇನೆ. ಕೆಚಪ್ ಕೊಡುತ್ತಾರೆ. ಖಾರದ ಪುಡಿ, ಚಾಟ್ ಮಸಾಲೆ, ಪೆರಿ ಪೆರಿ ಅಂತ ಡಬ್ಬಿಗಳೂ ಇವೆ. ಹುಡುಗರಿಗೆ ಅದು ಇಷ್ಟ, ತಪ್ಪೇನಿಲ್ಲ. ನನಗೆ ಮಾತ್ರ ಬರೀ ಉಪ್ಪು ಸಾಕು.

ಮಾಲ್‌ಗಳಲ್ಲಿ, ದೊಡ್ಡ ಕಂಪನಿಗಳ ಅಂಗಡಿಗಳಲ್ಲಿ ಸಿಗುವ ಫ್ರೈಸ್ ಬಹುಪಾಲು ಫ್ರೋಜನ್. ಕಾರ್ಖಾನೆಯಲ್ಲೇ ಹೆಚ್ಚಿ, ಬಿಸಿನೀರಿನಲ್ಲಿ ಅದ್ದಿ, ಒಂದು ಸಲ ಅರ್ಧ ಕರಿದು, ಹೆಪ್ಪುಗಟ್ಟಿಸಿ ಚೀಲಕ್ಕೆ ತುಂಬುತ್ತಾರೆ. ಅಂಗಡಿಯಲ್ಲಿ ಆಗುವುದು ಎರಡನೇ ಕರಿತ ಮಾತ್ರ. ನಮ್ಮ ದೇಶದಲ್ಲಿ ಈ ಉದ್ಯಮ ದೊಡ್ಡದಾಗಿ ಬೆಳೆದಿರುವುದು ಗುಜರಾತಿನಲ್ಲಿ. ಬನಾಸ್‌ಕಾಂಠಾ, ಮೆಹ್ಸಾನಾ ಕಡೆಯ ರೈತರು ಇದಕ್ಕೆಂದೇ ಉದ್ದನೆ ಗೆಡ್ಡೆಯ ತಳಿಗಳನ್ನು ಬೆಳೆಯುತ್ತಾರೆ. ಅದರಲ್ಲಿ ಕೆಟ್ಟದ್ದೇನೂ ಇಲ್ಲ. ವರ್ಷವಿಡೀ ಒಂದೇ ಬಣ್ಣ, ಒಂದೇ ಉದ್ದ, ಒಂದೇ ರುಚಿ ಬೇಕು ಅಂದರೆ ಅದೇ ದಾರಿ. ಆದರೆ ನನಗೆ ಗಾಡಿಯ ಫ್ರೈಸ್ ಇಷ್ಟವಾಗುವುದು ಅದು ವರ್ಷವಿಡೀ ಒಂದೇ ಥರ ಇರುವುದಿಲ್ಲ ಅನ್ನುವ ಕಾರಣಕ್ಕೇ. ಜೂನ್‌ನಲ್ಲಿ ಒಂದು ರುಚಿ, ಸೆಪ್ಟೆಂಬರ್‌ನಲ್ಲಿ ಇನ್ನೊಂದು, ಫೆಬ್ರವರಿಯಲ್ಲಿ ಮತ್ತೊಂದು. ಗೆಡ್ಡೆ ಎಲ್ಲಿಂದ ಬಂತು, ಕಿತ್ತು ಎಷ್ಟು ದಿನವಾಯಿತು, ಎಲ್ಲಿ ಇಟ್ಟಿದ್ದರು, ಎಲ್ಲವೂ ಪೊಟ್ಟಣದಲ್ಲಿ ಗೊತ್ತಾಗುತ್ತೆ.

ಇದು ನನಗೆ ಯಾಕೆ ಇಷ್ಟು ಮುಖ್ಯ ಅಂದರೆ, ನಾನು ಆಲೂಗಡ್ಡೆ ಬೆಳೆಯುವ ಮನೆಯವಳು. ನಮ್ಮದು ಆಲೂರು ತಾಲ್ಲೂಕಿನ ಹಳ್ಳಿ. ಮಳೆ ನಂಬಿದ ಹೊಲ. ನಮ್ಮ ಕಡೆ ಇದು ಮುಂಗಾರಿನ ಬೆಳೆ. ಉತ್ತರದ ಬಯಲಿನಲ್ಲಿ ಚಳಿಗಾಲದಲ್ಲಿ ನೀರು ಹಾಯಿಸಿ ಬೆಳೆಯುತ್ತಾರೆ. ಹಾಸನ, ಆಲೂರು ಕಡೆಯ ನೆಲ ಸಮುದ್ರಮಟ್ಟದಿಂದ ಒಂಬೈನೂರು ಮೀಟರಿಗೂ ಮೇಲಿದೆ. ಮಳೆಗಾಲದಲ್ಲೂ ತಂಪು. ಹಾಗಾಗಿ ಮೇ, ಜೂನ್‌ನಲ್ಲಿ ನೆಟ್ಟು ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಕೀಳುತ್ತಾರೆ. ಹತ್ತಿರ ಹತ್ತಿರ ಮೂರು ತಿಂಗಳ ಬೆಳೆ. ಬೇಗ ಕೈಗೆ ದುಡ್ಡು ಬರುತ್ತೆ ಅನ್ನುವುದೇ ಇದರ ದೊಡ್ಡ ಆಸೆ. ಮಕ್ಕಳ ಫೀಸು, ಗೌರಿ ಹಬ್ಬದ ಸೀರೆ, ಸೊಸೈಟಿ ಸಾಲ, ಎಲ್ಲದಕ್ಕೂ "ಗೆಡ್ಡೆ ಕಿತ್ತ ಮೇಲೆ" ಅಂತಲೇ ಮಾತು.

ಬಿತ್ತನೆ ಗೆಡ್ಡೆ ಬರುವುದು ಪಂಜಾಬಿನ ಜಲಂಧರ್‌ನಿಂದ. ಮೇ ತಿಂಗಳಲ್ಲಿ ಹಾಸನದ ಎಪಿಎಂಸಿ ಯಾರ್ಡ್‌ಗೆ ಹೋಗಿ ನೋಡಬೇಕು. ಲಾರಿಗಳ ಸಾಲು, ಮೂಟೆಗಳ ರಾಶಿ, ರೇಟು ಕೇಳುತ್ತಾ ಓಡಾಡುವ ರೈತರು. ನಮ್ಮಪ್ಪ ಒಂದು ಮೂಟೆ ಬಿಚ್ಚಿಸಿ, ಗೆಡ್ಡೆ ಎತ್ತಿಕೊಂಡು, ಉಗುರಿನಿಂದ ಕಣ್ಣಿನ ಹತ್ತಿರ ಒತ್ತಿ ನೋಡುತ್ತಿದ್ದರು. ಮೆತ್ತಗಿದ್ದರೆ ಮುಂದಿನ ಅಂಗಡಿ. ಹೆಚ್ಚಾಗಿ ಕೊಳ್ಳುವುದು ಕುಫ್ರಿ ಜ್ಯೋತಿ. ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ 1968ರಲ್ಲಿ ಬಿಡುಗಡೆ ಮಾಡಿದ ತಳಿ. ಐವತ್ತು ವರ್ಷ ಕಳೆದರೂ ನಮ್ಮ ಕಡೆ ಅದರ ಹೆಸರೇ ಓಡುತ್ತಿದೆ. ಮೂಟೆ ಮನೆಗೆ ಬಂದ ಮೇಲೆ ಜಗಲಿಯಲ್ಲಿ ಹರಡಿ, ಪ್ರತಿ ತುಂಡಿಗೂ ಕಣ್ಣು ಬರುವ ಹಾಗೆ ಕುಯ್ಯುವುದು ಹೆಂಗಸರ ಕೆಲಸ. ಕುಯ್ದ ತುಂಡಿಗೆ ಔಷಧಿ ಸವರಿ ನೆರಳಲ್ಲಿ ಒಣಗಿಸಬೇಕು. ಅಷ್ಟರಲ್ಲಿ ಮಳೆ ಹದ ಆಗಬೇಕು. ಮಳೆ ಮುಂದೆ ಹೋದರೆ ಕುಯ್ದ ಬೀಜ ಕೊಳೆಯುತ್ತೆ. ಮಳೆ ಜಾಸ್ತಿಯಾದರೆ ಸಾಲಿನಲ್ಲೇ ಕೊಳೆಯುತ್ತೆ.

ಎಲ್ಲಾ ಸರಿಯಾಗಿ ಗಿಡ ಮೊಣಕಾಲುದ್ದ ಬಂದ ಮೇಲೆ ಅಂಗಮಾರಿ ರೋಗ. ಆಲೂಗಡ್ಡೆ ಬೆಳೆಯದ ಮನೆಯವರಿಗೆ ಈ ಹೆಸರಿನ ಭಯ ಅಷ್ಟು ಬೇಗ ಅರ್ಥವಾಗುವುದಿಲ್ಲ. ಮೋಡ ಕವಿದು, ಜಡಿಮಳೆ ಹಿಡಿದು, ಬಿಸಿಲು ಕಾಣದೆ ಮೂರು ನಾಲ್ಕು ದಿನ ಕಳೆದರೆ ಎಲೆಯ ಅಂಚಿನಲ್ಲಿ ನೀರು ತುಂಬಿದಂಥ ಚುಕ್ಕೆ. ಎಲೆ ಮಗುಚಿದರೆ ಕೆಳಗೆ ಬಿಳಿ ಬೂಷ್ಟು. ವಾರದೊಳಗೆ ಹೊಲವೆಲ್ಲ ಸುಟ್ಟ ಹಾಗೆ ಕಪ್ಪು. ಗಾಳಿಯಲ್ಲಿ ಕೊಳೆತ ವಾಸನೆ. ಊರಿಗೆ ಊರೇ ಬೆನ್ನಿಗೆ ಔಷಧಿ ಕ್ಯಾನ್ ಕಟ್ಟಿಕೊಂಡು ಹೊಲಕ್ಕೆ ಇಳಿಯುತ್ತೆ. ಹೊಡೆದ ಔಷಧಿಯನ್ನು ಸಂಜೆಯ ಮಳೆ ತೊಳೆದುಕೊಂಡು ಹೋಗುತ್ತೆ. ಫೈಟೋಫ್ಥೊರಾ ಇನ್‌ಫೆಸ್ಟಾನ್ಸ್ ಅನ್ನುವ ಸೂಕ್ಷ್ಮಜೀವಿ ಇದಕ್ಕೆ ಕಾರಣ. 1845ರಲ್ಲಿ ಐರ್ಲೆಂಡಿನ ಹೊಲಗಳನ್ನು ಕಪ್ಪು ಮಾಡಿ, ಮುಂದಿನ ಕೆಲವೇ ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನರ ಸಾವಿಗೆ ಕಾರಣವಾದ ಬರಗಾಲ ತಂದದ್ದೂ ಇದೇ. ಕಾಲೇಜಿನಲ್ಲಿ ಅದನ್ನು ಓದಿದಾಗ ನನಗೆ ಐರ್ಲೆಂಡ್ ದೂರದ ದೇಶ ಅನ್ನಿಸಲೇ ಇಲ್ಲ. ನಮ್ಮ ಹೊಲದ ಆ ವಾಸನೆ ಮೂಗಿನಲ್ಲೇ ಇತ್ತು.

ಹೀಗಾಗಿ ಜಿಲ್ಲೆಯಲ್ಲಿ ಆಲೂಗಡ್ಡೆ ಕಡಿಮೆಯಾಗುತ್ತಾ ಬಂತು. ಕೆಲವರು ಜೋಳಕ್ಕೆ ಹೋದರು. ಮುಸುಕಿನ ಜೋಳಕ್ಕೆ ಅಷ್ಟು ಔಷಧಿ ಬೇಡ, ಅಷ್ಟು ಖರ್ಚೂ ಇಲ್ಲ. ಕೆಲವರು ಶುಂಠಿಗೆ ಹೋದರು. ನಮ್ಮ ದೊಡ್ಡಪ್ಪನ ಹೊಲದಲ್ಲಿ ಈಗ ಶುಂಠಿ. ಅಪ್ಪ ಇನ್ನೂ ಒಂದು ತಾಕಿನಲ್ಲಿ ಗೆಡ್ಡೆ ಹಾಕುತ್ತಾರೆ. ಲಾಭಕ್ಕೆ ಅಂತ ಅಲ್ಲ, ಬಿಡೋಕೆ ಮನಸ್ಸಿಲ್ಲ ಅಷ್ಟೇ. ಈಚೆಗೆ ಕುಡಿಗಳನ್ನು ಕತ್ತರಿಸಿ ಬೇರು ಬರಿಸಿದ ಸಸಿ ನೆಟ್ಟು, ಬಿತ್ತನೆ ಗೆಡ್ಡೆಯನ್ನು ಜಿಲ್ಲೆಯಲ್ಲೇ ಬೆಳೆಸಿಕೊಳ್ಳುವ ಪ್ರಯತ್ನ ಶುರುವಾಗಿದೆ. ಹಾಸನದ ಸೋಮನಹಳ್ಳಿ ಕಾವಲಿನ ತೋಟಗಾರಿಕೆ ಸಂಶೋಧನಾ ಕೇಂದ್ರದವರು ಈ ಕೆಲಸದಲ್ಲಿದ್ದಾರೆ. ಎರಡು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದಿಂದ ಬರುವ ಲಾರಿಗೆ ಕಾಯುವ ಬದಲು ನಮ್ಮ ನರ್ಸರಿಯಿಂದಲೇ ಸಸಿ ಸಿಗುವುದಾದರೆ ಅದಕ್ಕಿಂತ ಒಳ್ಳೆಯದೇನಿದೆ? ನನಗೆ ಅದರ ಮೇಲೆ ತುಂಬಾ ಆಸೆ ಇದೆ.

ಗೆಡ್ಡೆ ಕೀಳುವ ದಿನದ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ನೇಗಿಲು ಹೊಡೆದ ಹಾಗೆ ಮಣ್ಣು ಬಗ್ಗಿ, ಗೆಡ್ಡೆಗಳು ಮೇಲೆ ಬಂದು ಬೀಳುತ್ತವೆ. ಒದ್ದೆ ಮಣ್ಣಿನಲ್ಲಿ ಅವುಗಳ ಸಿಪ್ಪೆ ಎಷ್ಟು ತೆಳು ಅಂದರೆ ಹೆಬ್ಬೆರಳಿನಿಂದ ಉಜ್ಜಿದರೆ ಸುಲಿದು ಬರುತ್ತೆ. ದೊಡ್ಡವು ಮೂಟೆಗೆ. ಗೋಲಿ ಗಾತ್ರದವು ಮಕ್ಕಳಿಗೆ. ನಾವು ಬದುವಿನಲ್ಲಿ ಒಣ ಕಡ್ಡಿ ಸೇರಿಸಿ ಬೆಂಕಿ ಹಾಕಿ, ಕೆಂಡವಾದ ಮೇಲೆ ಬೂದಿಯಲ್ಲಿ ಗೆಡ್ಡೆ ಹೂಳುತ್ತಿದ್ದೆವು. ಅಜ್ಜಿ ಸೆರಗಿನ ಗಂಟಿನಿಂದ ಉಪ್ಪು ಬಿಚ್ಚಿ ಕೊಡುತ್ತಿದ್ದರು. ಸುಟ್ಟ ಸಿಪ್ಪೆ ಸುಲಿದು, ಊದಿ ಊದಿ, ಉಪ್ಪು ಮುಟ್ಟಿಸಿ ತಿನ್ನುವುದು. ಒಳಗಿನ ತಿರುಳು ಹಿಟ್ಟು ಹಿಟ್ಟಾಗಿ, ಸ್ವಲ್ಪ ಸಿಹಿಯಾಗಿ ಇರುತ್ತಿತ್ತು. ಸಾಲಗಾಮೆ ರಸ್ತೆಯಲ್ಲಿ ಮೊದಲ ಸಲ ಆ ಪೊಟ್ಟಣ ಬಿಚ್ಚಿದಾಗ ನನಗೆ ಸಿಕ್ಕಿದ್ದು ಇದೇ ರುಚಿ. ಎಣ್ಣೆಯಲ್ಲಿ ಕರಿದರೂ ಗೆಡ್ಡೆ ಗೆಡ್ಡೆಯಾಗೇ ಉಳಿದಿತ್ತು.

ಆ ಅಣ್ಣನ ಜೊತೆ ಮಾತು ಬೆಳೆದದ್ದೂ ಹೀಗೇ. "ಇದು ನಮ್ ಕಡೆ ಗೆಡ್ಡೇನಾ ಅಣ್ಣಾ?" ಅಂತ ಕೇಳಿದೆ. ಅವರು ಸೌಟು ಕೆಳಗಿಟ್ಟು ತಿರುಗಿದರು. "ಕಟ್ಟಾಯದ್ದು ಮೇಡಂ. ನೀವೂ ಬೆಳೀತೀರಾ?" ಆಮೇಲೆ ಅರ್ಧ ಗಂಟೆ ಬರೀ ಅಂಗಮಾರಿ, ರೇಟು, ಮಳೆ. ಅವರ ಮನೆಯಲ್ಲೂ ಹಿಂದೆ ಬೆಳೆಯುತ್ತಿದ್ದರಂತೆ. ಎರಡು ವರ್ಷ ಸತತವಾಗಿ ಹೋದ ಮೇಲೆ ಬಿಟ್ಟು, ಕೊನೆಗೆ ಗಾಡಿ ಹಾಕಿದರು. ಬೆಳೆಯೋದು ಬಿಟ್ಟರೂ ಗೆಡ್ಡೆಯನ್ನು ಬಿಟ್ಟಿಲ್ಲ ಅಂತ ಅವರ ಹೆಂಡತಿ ಮಧ್ಯೆ ಸೇರಿಸಿದರು.

ಅವರಿಬ್ಬರಿಗೂ ಗೆಡ್ಡೆಯ ಬಗ್ಗೆ ಇರುವ ತಿಳಿವಳಿಕೆ ನೋಡಿ ನನಗೆ ಆಶ್ಚರ್ಯ. ಆಗ ತಾನೇ ಕಿತ್ತ ಗೆಡ್ಡೆಯನ್ನು ಅವರು ಅವತ್ತೇ ಕರಿಯುವುದಿಲ್ಲ. ಮಳೆಗಾಲದ ಗೆಡ್ಡೆಯಲ್ಲಿ ನೀರು ಜಾಸ್ತಿ. ಕರಿದರೆ ಗರಿ ನಿಲ್ಲುವುದಿಲ್ಲ, ಎರಡು ನಿಮಿಷಕ್ಕೆ ಜೋಲುತ್ತೆ. ಹಾಗಾಗಿ ಗಾಳಿ ಆಡುವ ಕಡೆ, ಬಿಸಿಲು ಬೀಳದ ಹಾಗೆ ಕೆಲವು ದಿನ ಹರಡಿಡುತ್ತಾರೆ. ಬಿಸಿಲಿಗೆ ಬಿದ್ದರೆ ಗೆಡ್ಡೆ ಹಸಿರಾಗುತ್ತೆ. ಹಸಿರಾದ ಗೆಡ್ಡೆಯಲ್ಲಿ ಸೊಲನಿನ್ ಅನ್ನುವ ವಿಷ ಸೇರಿಕೊಳ್ಳುತ್ತೆ. ಅಂಥದ್ದನ್ನು ಆ ಅಕ್ಕ ನೋಡಿದ ತಕ್ಷಣ ಪಕ್ಕಕ್ಕೆ ಎಸೆಯುತ್ತಾರೆ.

ಬೇಸಿಗೆಯ ಕಷ್ಟ ಬೇರೆ. ಆಗ ನಮ್ಮ ಗೆಡ್ಡೆ ಮುಗಿದು, ಉತ್ತರದ ಕೋಲ್ಡ್ ಸ್ಟೋರೇಜ್ ಗೆಡ್ಡೆ ಬರುತ್ತೆ. ಎರಡರಿಂದ ನಾಲ್ಕು ಡಿಗ್ರಿಯಲ್ಲಿ ತಿಂಗಳುಗಟ್ಟಲೆ ಇಟ್ಟ ಗೆಡ್ಡೆಯಲ್ಲಿ ಪಿಷ್ಟ ಒಡೆದು ಸಕ್ಕರೆಯಾಗಿರುತ್ತೆ. ಹಾಗಂತ ಒಳ್ಳೆಯದು ಅಂದುಕೊಳ್ಳಬೇಡಿ. ಕಾದ ಎಣ್ಣೆಗೆ ಬಿದ್ದ ಕೂಡಲೇ ಆ ಸಕ್ಕರೆ ಕಂದಿ, ಒಳಗೆ ಬೇಯುವ ಮೊದಲೇ ಹೊರಗೆ ಕಪ್ಪಾಗುತ್ತೆ, ಕಹಿಯಾಗುತ್ತೆ. ಹೀಗೆ ಜಾಸ್ತಿ ಕಂದಿದಷ್ಟೂ ಅಕ್ರಿಲಮೈಡ್ ಅನ್ನುವ ವಸ್ತುವೂ ಜಾಸ್ತಿ. ಅದು ಕರಿದ ತಿಂಡಿಯಲ್ಲಿದೆ ಅಂತ 2002ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿಕೊಟ್ಟರು. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಅದು ಕ್ಯಾನ್ಸರ್ ತರಿಸಿದೆ. ಅದಕ್ಕೇ ಹೊಂಬಣ್ಣ ದಾಟಬಾರದು. ಈ ಗಾಡಿಯವರು ಕೋಲ್ಡ್ ಸ್ಟೋರೇಜ್ ಮೂಟೆ ತಂದರೆ ಒಂದೆರಡು ವಾರ ಮನೆಯಲ್ಲಿ ಹೊರಗಿಡುತ್ತಾರೆ. ಕೋಣೆಯ ಬೆಚ್ಚಗಿಗೆ ಸಕ್ಕರೆ ಒಂದಷ್ಟು ಇಳಿಯುತ್ತೆ. ದೊಡ್ಡ ಕಾರ್ಖಾನೆಗಳೂ ಇದನ್ನೇ ಮಾಡುತ್ತವೆ. ಇವರು ಯಾರ ಹತ್ತಿರವೂ ಕಲಿತದ್ದಲ್ಲ. ಮೂಟೆ ಖಾಲಿಯಾಗದೆ ಉಳಿದಾಗ ಬಣ್ಣ ಚೆನ್ನಾಗಿ ಬಂತು, ಅವತ್ತಿಂದ ಹಿಡಿದುಕೊಂಡರು. ಆದರೂ ಏಪ್ರಿಲ್, ಮೇ ತಿಂಗಳಲ್ಲಿ ಹೋದರೆ ಅವರೇ ಮೊದಲು ಹೇಳಿಬಿಡುತ್ತಾರೆ: "ಇವತ್ತು ಹಳೇ ಗೆಡ್ಡೆ ಮೇಡಂ, ಸ್ವಲ್ಪ ಕೆಂಪಗೆ ಬರ್ತೈತೆ, ಪರವಾಗಿಲ್ವಾ?" ವ್ಯಾಪಾರ ಮಾಡುವವರು ಹೀಗೆ ಹೇಳುವುದನ್ನು ನಾನು ಬೇರೆಲ್ಲೂ ಕೇಳಿಲ್ಲ.

ಎಣ್ಣೆಯ ವಿಷಯದಲ್ಲೂ ನನಗೆ ಇವರ ಮೇಲೆ ಗೌರವ. ಕಾದು ಕಾದು ದಪ್ಪಗಾದ ಕಪ್ಪು ಎಣ್ಣೆ ಎಂಥದ್ದು ಅಂತ ಬೀದಿ ತಿಂಡಿ ತಿನ್ನುವ ಎಲ್ಲರಿಗೂ ಗೊತ್ತು. ಎಣ್ಣೆ ಮತ್ತೆ ಮತ್ತೆ ಕಾದು ಕೆಟ್ಟಾಗ ಅದರಲ್ಲಿ ಹುಟ್ಟುವ ಪೋಲಾರ್ ಸಂಯುಕ್ತಗಳು ಒಟ್ಟು ಶೇಕಡಾ 25 ದಾಟಿದರೆ ಆ ಎಣ್ಣೆ ಬಳಸಬಾರದು ಅಂತ 2018ರಿಂದ ದೇಶದಲ್ಲಿ ನಿಯಮ ಇದೆ. ಅದನ್ನು ಅಳೆಯುವ ಯಂತ್ರ ಈ ಗಾಡಿಯಲ್ಲಿ ಇಲ್ಲ. ಆದರೆ ಇವರು ದಿನಾ ರಾತ್ರಿ ಎಣ್ಣೆ ಬಟ್ಟೆಯಲ್ಲಿ ಸೋಸಿ, ಬಣ್ಣ ಗಾಢವಾಗಿ ನೊರೆ ಬರೋಕೆ ಶುರುವಾದರೆ ಬದಲಿಸುತ್ತಾರೆ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು, ಕಾಟನ್ ಕ್ಯಾಂಡಿಗೆ ರೊಡಮೈನ್-ಬಿ ಅನ್ನುವ ಬಣ್ಣ ಬಳಸುವುದನ್ನು ನಿಷೇಧಿಸಿದಾಗ ಊರಿನ ಎಷ್ಟೋ ಗಾಡಿಗಳಿಗೆ ಒಂದಷ್ಟು ದಿನ ಗಿರಾಕಿ ಕಡಿಮೆಯಾದರು. ಬಣ್ಣ ಹಾಕದ ಈ ಗಾಡಿಯಲ್ಲೂ "ಇದಕ್ಕೆ ಏನೂ ಹಾಕಲ್ವಾ?" ಅಂತ ಕೇಳಿದವರಿದ್ದರು. ಆ ಅಣ್ಣ ಬೇಸರ ಮಾಡಿಕೊಳ್ಳದೆ ಒಂದು ಗೆಡ್ಡೆ ಕೈಗೆ ತೆಗೆದುಕೊಂಡು ಅವರೆದುರೇ ಹೆಚ್ಚಿ ತೋರಿಸಿದರು. ಕಣ್ಣೆದುರಿನ ಅಡುಗೆಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಾ?

ಕೆನಡಾದಲ್ಲಿ ಇರುವ ನನ್ನ ಚಿಕ್ಕಮ್ಮನ ಮಗಳಿಗೆ ಈ ಗಾಡಿಯ ಫೋಟೋ ಕಳಿಸಿದ್ದೆ. ಅಲ್ಲಿ ಒಂಟಾರಿಯೊ ಕಡೆ ರಸ್ತೆ ಬದಿಯಲ್ಲಿ ಇಂಥವೇ ಚಿಪ್ ಟ್ರಕ್‌ಗಳು ನಿಲ್ಲುತ್ತವಂತೆ. ಆಗಲೇ ಹೆಚ್ಚಿ ಕರಿದ ಫ್ರೈಸ್ ಮೇಲೆ ಉಪ್ಪು, ಮಾಲ್ಟ್ ವಿನೆಗರ್ ಚಿಮುಕಿಸಿ ಕೊಡುತ್ತಾರೆ. ಕ್ವಿಬೆಕ್ ಕಡೆ ಚೀಸ್ ತುಂಡು ಹಾಕಿ ಬಿಸಿ ಗ್ರೇವಿ ಸುರಿದು ಪೂಟೀನ್ ಮಾಡುತ್ತಾರೆ. ಎಲ್ಲಾ ಊರಿನವರಿಗೂ ತಮ್ಮ ಗಾಡಿಯೇ ಹೆಚ್ಚು. ಅವಳು ಫೋನಿನಲ್ಲಿ ಎಷ್ಟೇ ಹೊಗಳಿದರೂ ನಾನು ಒಪ್ಪಲಿಲ್ಲ. ಆದರೆ ವಿನೆಗರ್ ಮಾತು ತಲೆಯಲ್ಲಿ ಉಳಿಯಿತು. ಒಂದು ದಿನ ಅರ್ಧ ಹೋಳು ನಿಂಬೆಹಣ್ಣು ಹಿಂಡಿಸಿಕೊಂಡು ತಿಂದೆ. ಎಣ್ಣೆಯ ಜಿಡ್ಡು ಕತ್ತರಿಸಿ ಹಾಕಿ ಗೆಡ್ಡೆಯ ಸಿಹಿ ಮುಂದೆ ಬಂತು. ಈಗ ನನ್ನ ಪೊಟ್ಟಣಕ್ಕೆ ಕೇಳದೇ ನಿಂಬೆ ಬರುತ್ತೆ.

ಗಾಡಿಯ ಬದುಕು ಸುಲಭದ್ದಲ್ಲ. ಮಳೆ ಜೋರಾದರೆ ಅವತ್ತಿನ ವ್ಯಾಪಾರ ಹೋಯಿತು. ಹೆಚ್ಚಿಟ್ಟ ಗೆಡ್ಡೆ ಮಾರನೇ ದಿನಕ್ಕೆ ಉಳಿಯುವುದಿಲ್ಲ. ಎಣ್ಣೆ ರೇಟು ಏರಿದರೂ ಪೊಟ್ಟಣದ ರೇಟು ಅಷ್ಟು ಬೇಗ ಏರಿಸೋಕಾಗಲ್ಲ, ಕಾಲೇಜು ಹುಡುಗರ ಜೇಬು ನೋಡಬೇಕಲ್ಲ. ನಿಲ್ಲುವ ಜಾಗದ್ದೇ ದೊಡ್ಡ ಚಿಂತೆ. ಬೀದಿ ವ್ಯಾಪಾರಿಗಳಿಗೆ ಜಾಗ, ಗುರುತಿನ ಚೀಟಿ ಕೊಡಬೇಕು ಅಂತ 2014ರಲ್ಲೇ ಕಾಯ್ದೆ ಬಂದಿದೆ. 2020ರ ಲಾಕ್‌ಡೌನ್ ಹೊತ್ತಿನಲ್ಲಿ ಬಂದ ಪಿಎಂ ಸ್ವನಿಧಿ ಯೋಜನೆಯ ಹತ್ತು ಸಾವಿರ ರೂಪಾಯಿ ಸಾಲವೇ ಆಗ ಇವರನ್ನು ಎತ್ತಿ ನಿಲ್ಲಿಸಿದ್ದು. ಬಾಣಲೆ, ಒಲೆ ಎಲ್ಲಾ ಅದರಲ್ಲೇ ಬಂತು ಅಂತ ಆ ಅಕ್ಕ ಹೇಳುತ್ತಾರೆ. ರಸ್ತೆ ಅಗಲ ಮಾಡುವ ಮಾತು ಬಂದಾಗಲೆಲ್ಲ ಇವರ ಮುಖ ಬಾಡುತ್ತೆ. ಫುಟ್‌ಪಾತ್ ನಡೆಯುವವರಿಗೆ ಬೇಕು, ಒಪ್ಪುತ್ತೇನೆ. ಆದರೆ ಊರಿನ ನಕ್ಷೆ ಹಾಕುವಾಗ ಇಂಥ ಗಾಡಿಗಳಿಗೂ ಒಂದು ಸಾಲು ಬಿಡಬೇಕು. ಎಷ್ಟೋ ಊರಿಗೆ ಆಲೂಗಡ್ಡೆ ಕಳಿಸಿದ ಊರು ನಮ್ಮದು. ಅದನ್ನು ಕರಿದು ಕೊಡುವವರಿಗೆ ಹತ್ತಡಿ ಜಾಗ ಸಿಗದಿದ್ದರೆ ಹೇಗೆ?

ವರ್ಷದಲ್ಲಿ ಅತ್ಯಂತ ಒಳ್ಳೆಯ ಫ್ರೈಸ್ ಸಿಗುವುದು ಹಾಸನಾಂಬೆಯ ಬಾಗಿಲು ತೆರೆಯುವ ಹೊತ್ತಿಗೆ. ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ಗುಡಿ ತೆರೆದರೆ ಬಲಿಪಾಡ್ಯಮಿಯ ತನಕ ಊರು ತುಂಬಾ ಜನ. ಅಷ್ಟೊತ್ತಿಗೆ ಮುಂಗಾರಿನ ಗೆಡ್ಡೆ ಕಿತ್ತು, ನೀರು ಇಳಿದು, ಸಿಪ್ಪೆ ಗಟ್ಟಿಯಾಗಿ, ಹದಕ್ಕೆ ಬಂದಿರುತ್ತೆ. ಸಕ್ಕರೆ ಇನ್ನೂ ಏರಿರುವುದಿಲ್ಲ. ಬಣ್ಣ ಅಂದರೆ ಬಣ್ಣ, ಗರಿ ಅಂದರೆ ಗರಿ. ದರ್ಶನಕ್ಕೆ ಗಂಟೆಗಟ್ಟಲೆ ನಿಂತು ಬಂದವರು ರಾತ್ರಿ ಹನ್ನೊಂದಕ್ಕೂ ಗಾಡಿಯ ಮುಂದೆ ಇರುತ್ತಾರೆ. ಆ ದಿನಗಳಲ್ಲಿ ಇವರ ಮಗಳೂ ಕಾಲೇಜು ಮುಗಿಸಿ ಬಂದು ಕಟರ್ ಹಿಡಿಯುತ್ತಾಳೆ.

ಕಳೆದ ವರ್ಷ ಅಪ್ಪನ ತಾಕಿನಿಂದ ಎರಡು ಮೂಟೆ ಇವರಿಗೇ ಕೊಟ್ಟೆವು. ಅಂಗಮಾರಿ ಬಂದರೂ ತಡವಾಗಿ ಬಂದಿತ್ತು, ಗೆಡ್ಡೆ ಉಳಿದಿತ್ತು. ಅಪ್ಪನನ್ನೂ ಕರೆದುಕೊಂಡು ಹೋದೆ. ಅವರು ಹೊರಗಿನ ತಿಂಡಿ ಮುಟ್ಟುವವರಲ್ಲ. ಸ್ಟೂಲಿನಲ್ಲಿ ಕೂತು, ತಮ್ಮದೇ ಗೆಡ್ಡೆ ಬಕೆಟ್ಟಿಗೆ ಬೀಳುವುದನ್ನು, ಎಣ್ಣೆಗೆ ಇಳಿಯುವುದನ್ನು, ಮತ್ತೆ ಇಳಿಯುವುದನ್ನು ಪೂರ್ತಿ ನೋಡಿದರು. ಪೊಟ್ಟಣ ಕೈಗೆ ಬಂದಾಗ ಒಂದು ತುಂಡು ಎತ್ತಿ, ಮುರಿದು, ಒಳಗಿನ ತಿರುಳು ನೋಡಿ ಆಮೇಲೆ ಬಾಯಿಗೆ ಹಾಕಿಕೊಂಡರು. "ಚೆನ್ನಾಗಿ ಬೆಂದೈತೆ" ಅಂದರು. ಇನ್ನೊಂದು ಪೊಟ್ಟಣ ಹೇಳು ಅಂದರು. ಆಮೇಲೆ ಗಾಡಿಯ ಅಣ್ಣನನ್ನು ಕರೆದು, ಮುಂದಿನ ವರ್ಷಕ್ಕೆ ಎಷ್ಟು ಮೂಟೆ ಬೇಕಪ್ಪಾ ಅಂತ ಕೇಳಿ, ರೇಟಿನ ಮಾತು ಅಲ್ಲೇ ಮುಗಿಸಿದರು. ಮಧ್ಯೆ ದಲ್ಲಾಳಿ ಇಲ್ಲ, ಕಮಿಷನ್ ಇಲ್ಲ. ಎರಡು ಕಡೆಯವರಿಗೂ ಒಂದಷ್ಟು ಉಳಿಯುವ ರೇಟು.

ಈ ವರ್ಷದ ಗೆಡ್ಡೆ ಕೀಳೋಕೆ ಶುರುವಾಗಿದೆ. ಹಾಸನದಲ್ಲಿದ್ದರೆ, ಇಲ್ಲಾ ಬೇಲೂರು, ಹಳೇಬೀಡಿಗೆ ಅಂತ ಈ ದಾರಿಯಲ್ಲಿ ಬಂದರೆ, ಸಂಜೆ ಆರರ ಮೇಲೆ ಹೋಗಿ. ಎಂಟರ ಮೇಲೆ ರಶ್ ಜಾಸ್ತಿ, ಕಾಯಬೇಕಾಗುತ್ತೆ. ಹೋದ ತಕ್ಷಣ ಮಸಾಲೆ ಹೇಳಬೇಡಿ. ಮೊದಲ ಪೊಟ್ಟಣ ಬರೀ ಉಪ್ಪಿನದು ತಗೊಳ್ಳಿ, ನಿಂಬೆ ಕೇಳಿ. ಪಾರ್ಸೆಲ್ ಮಾತ್ರ ಬೇಡ, ಮನೆಗೆ ಹೋಗುವಷ್ಟರಲ್ಲಿ ಆವಿಗೆ ಮೆತ್ತಗಾಗಿರುತ್ತೆ. ಅಲ್ಲೇ ನಿಂತು ತಿನ್ನಿ. ಗೆಡ್ಡೆ ಯಾವ ಊರಿನದು ಅಂತ ಒಂದು ಮಾತು ಕೇಳಿ, ಅವರಿಗೆ ತುಂಬಾ ಖುಷಿಯಾಗುತ್ತೆ.